ಶೆಡ್ಡನ್ನೂ ಎಳೆದುಕೊಂಡು ಹೋದ ಗಾಡಿ

ಮನೆಯಿಂದ,
ಹದಿನಾಲ್ಕನೇ ತಾರೀಖು, ಸೋಮವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀಯ ತಾನೆ? ಹೋದ ವಾರ ಕಳಿಸಿದ ಫೋಟೋದಲ್ಲಿ ನಿನ್ನ ಕೊರಳ ಮೂಳೆ ಎದ್ದು ಕಾಣುತ್ತಿತ್ತು. ನಿನ್ನ ಅತ್ತಿಗೆ "ಅದು ನೆರಳು ಅತ್ತೆ" ಎಂದಳು. ಮೂಳೆ ಯಾವುದು, ನೆರಳು ಯಾವುದು ಎಂದು ಹೆತ್ತವಳಿಗೆ ಅವಳು ಹೇಳಿಕೊಡಬೇಕೆ? ಆ ಬಂದರಿನ ಕ್ರೇನಿನ ಮೇಲೆ ಗಾಳಿ ಜೋರಾಗಿರುತ್ತದೆ, ಕಿವಿಗೆ ಬಟ್ಟೆ ಕಟ್ಟಿಕೋ. ಚೆನ್ನಾಗಿ ಕಾಣುವುದಿಲ್ಲ ಎನ್ನಬೇಡ, ಅಷ್ಟು ಎತ್ತರದಲ್ಲಿ ನಿನ್ನನ್ನು ನೋಡುವವರು ಹದ್ದುಗಳು ಮಾತ್ರ. ನಾನು ಚೆನ್ನಾಗಿದ್ದೇನೆ. ಮಂಡಿ ನೋವಿದೆ, ಆದರೆ ಸುಮ್ಮನಿರು ಎಂದರೆ ಸುಮ್ಮನಿರುತ್ತದೆ. ಈ ಮನೆಯಲ್ಲಿ ನನ್ನ ಮಾತು ಕೇಳುವುದು ಅದೊಂದೇ.

ಇದನ್ನೆಲ್ಲ ಫೋನಿನಲ್ಲಿ ಹೇಳಬಾರದಿತ್ತೆ ಎನ್ನುತ್ತೀಯ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ. ಇಲ್ಲಿ ನಿನ್ನ ಅಣ್ಣ ಪಕ್ಕದಲ್ಲೇ ಬಂದು ಕೂತು ಕಿವಿ ಚಾಚುತ್ತಾನೆ, ಅತ್ತಿಗೆ ಅಡುಗೆಮನೆಯಿಂದಲೇ ನನ್ನ ಪರವಾಗಿ ಉತ್ತರ ಕೊಡುತ್ತಾಳೆ. ಪತ್ರದಲ್ಲಿ ಆ ಕಾಟವಿಲ್ಲ, ಕೊನೆಯವರೆಗೂ ನಾನೊಬ್ಬಳೇ ಮಾತಾಡಬಹುದು. ನಿನ್ನ ತರಬೇತಿ ಮುಗಿಯಿತು, ಬಂದರಿನವರು ಕಾಯಂ ಮಾಡಿಕೊಳ್ಳುತ್ತೇವೆ ಎನ್ನುತ್ತಿದ್ದಾರೆ, ತಿಂಗಳ ಕೊನೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕು, ಆದರೆ ನಾನು ಇಲ್ಲೇ ಉಳಿದರೆ ರಿಪೇರಿಗೆ ಬಂದ ದೋಣಿಗಳನ್ನು ನಮ್ಮ ಅಂಗಳಕ್ಕೆ ಎಳೆಯುವವರು ಯಾರು, ನೀನೇ ಹೇಳಮ್ಮ ಎಂದು ಬರೆದಿದ್ದೀಯಲ್ಲ, ಅದನ್ನು ಓದಿದ್ದೇನೆ. ಎರಡು ಸಲ ಓದಿದ್ದೇನೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಅವಸರ ಮಾಡಬೇಡ, ಮೊದಲು ಗಾಡಿಯ ಸಮಾಚಾರ.

ಗಾಡಿ ಬಂತು. ಹೋಗುವ ಮೊದಲು ನೀನು ಚಿತ್ರ ತೋರಿಸಿ "ಅಮ್ಮ, ಇದೇ ತಗೋಬೇಕು" ಎಂದು ಹಟ ಹಿಡಿದಿದ್ದೆಯಲ್ಲ, ಅದೇ ಪಿಕಪ್ಪು. ಬಿಳಿ ಬಣ್ಣ. ಬಿಳಿ ಬೇಡ, ಕೊಳೆ ಕಾಣುತ್ತದೆ ಎಂದು ಹೇಳಿದ್ದೆ, ಕೊಳೆ ಕಂಡರೆ ತಾನೆ ನಿನ್ನ ಅಣ್ಣ ತೊಳೆಯುವುದು ಎಂದು ಆಮೇಲೆ ನಾನೇ ಒಪ್ಪಿದೆ. ಹತ್ತುವುದಕ್ಕೆ ಬಾಗಿಲ ಕೆಳಗೊಂದು ಮೆಟ್ಟಿಲಿದೆ. ಮೂತಿಯ ಮೇಲೆ ನಾಲ್ಕು ಜನ ಪಂಕ್ತಿಯಲ್ಲಿ ಕೂತು ಊಟ ಮಾಡಬಹುದು. ನಮ್ಮ ಗೇಟಿನಲ್ಲಿ ಅದು ಒಳಗೆ ಬಂದಾಗ ಎರಡು ಕಡೆಯೂ ಒಂದೊಂದು ಗೇಣು ಜಾಗ ಉಳಿಯಿತು. ಬೀದಿಯವರೆಲ್ಲ ಹೊಸ ಅಳಿಯನನ್ನು ನೋಡುವ ಹಾಗೆ ಬಾಗಿಲಿಗೆ ಬಂದು ನಿಂತರು. ನಾನು ಸೆರಗು ಸರಿ ಮಾಡಿಕೊಂಡು, ಇಂಥವು ನಮ್ಮಲ್ಲಿ ದಿನಾ ಬರುತ್ತವೆ ಎಂಬಂತೆ ನಿಂತಿದ್ದೆ.

ತಂದುಕೊಟ್ಟವನು ಅಂಗಡಿಯ ಮಾರಾಟದ ಹುಡುಗ, ಟೈ ಕಟ್ಟಿಕೊಂಡವನು. "ಅಮ್ಮಾ, ನಾನೂರಕ್ಕೂ ಮೇಲೆ ಕುದುರೆಶಕ್ತಿ ಇದೆ" ಎಂದ. "ಹಾಗಾದ್ರೆ ನಾನೂರು ಕುದುರೆಯಷ್ಟೇ ತಿನ್ನುತ್ತೋ?" ಎಂದು ಕೇಳಿದೆ. "ಖಾಲಿ ಓಡಿಸಿದ್ರೆ ಕಮ್ಮಿ ಕುಡಿಯುತ್ತೆ, ಭಾರ ಎಳೆಸಿದ್ರೆ ಜಾಸ್ತಿ" ಎಂದ. ದುಡಿದಷ್ಟೇ ತಿನ್ನುವುದು ಈ ಮನೆಗೆ ಒಳ್ಳೆಯ ಮಾದರಿ ಎಂದು ನಿನ್ನ ಅಣ್ಣನ ಕಡೆ ನೋಡಿದೆ. ಅವನು ಟೈರು ನೋಡುತ್ತಾ ನಿಂತ. ಆಮೇಲೆ ಆ ಹುಡುಗ ಟಾರ್ಕು ಎಂಬುದರ ವಿಷಯ ತೆಗೆದ. ಕುದುರೆಶಕ್ತಿ ಅಂದರೆ ಓಡುವ ಶಕ್ತಿಯಂತೆ, ಟಾರ್ಕು ಅಂದರೆ ನಿಂತಲ್ಲಿಂದ ಭಾರವನ್ನು ಕದಲಿಸುವ ಶಕ್ತಿಯಂತೆ. "ಅರ್ಥವಾಯ್ತು ಬಿಡಪ್ಪ. ಮೊದಲನೇದು ನನ್ನ ಮಗನಿಗಿದೆ, ಕೆಲಸ ಕಂಡರೆ ಓಡ್ತಾನೆ. ಎರಡನೇದರಿಂದ ನಾನು ಈ ಮನೆ ನಡೆಸ್ತಿದೀನಿ" ಎಂದೆ. ಒಂಬತ್ತು ಟನ್ ಎಳೆಯುತ್ತದೆ ಎಂದು ಎದೆ ಉಬ್ಬಿಸಿ ಹೇಳಿದ. "ಯಾರು ಎಳೆದು ನೋಡಿದಾರೆ?" ಎಂದು ಕೇಳಿದೆ. "ಕಂಪನಿಯವರೇ ನೋಡಿದಾರೆ ಅಮ್ಮಾ." "ಪಾಚಿ ಕಟ್ಟಿದ ನದಿದಡದ ಇಳಿಜಾರಿನ ಮೇಲೆ, ನೀರು ಕುಡಿದ ದೋಣಿ ಎಳೆದು ನೋಡಿದಾರಾ?" ಹುಡುಗ ಟೈ ಸಡಿಲ ಮಾಡಿಕೊಂಡ. ಕಾಫಿ ಕೊಟ್ಟು ಕಳಿಸಿದೆ, ಪಾಪ.

ನಮ್ಮ ಹಳೆಯ ಗೊರಕೆಯನ್ನು ಶೆಡ್ಡಿನ ಹಿಂದೆ ನಿಲ್ಲಿಸಿದ್ದೇವೆ. ನಿಮ್ಮಪ್ಪ ಆ ಗಾಡಿಗೆ ಆ ಹೆಸರಿಟ್ಟಾಗ ನನಗೇ ಇಟ್ಟರೇನೋ ಎಂದು ಎರಡು ದಿನ ಮಾತು ಬಿಟ್ಟಿದ್ದೆ. ಅದರ ಗುಣ ನಿನಗೆ ಗೊತ್ತು. ಟ್ರೇಲರಿನ ಹ್ಯಾಂಡ್‌ಬ್ರೇಕು ಬಿಚ್ಚಿಲ್ಲವೆಂದರೆ, ಚಕ್ರಕ್ಕೆ ಕಲ್ಲು ಕೊಟ್ಟಿದ್ದನ್ನು ತೆಗೆದಿಲ್ಲವೆಂದರೆ, ಎಲ್ಲೋ ಒಂದು ಹಗ್ಗ ಸಿಕ್ಕಿಕೊಂಡಿದೆಯೆಂದರೆ ಅದು ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಆಗ ನಾವೆಲ್ಲ ಸುತ್ತ ತಿರುಗಿ, ಏನು ಮರೆತೆವು ಎಂದು ಹುಡುಕುತ್ತಿದ್ದೆವು. ಮೊದಲು ಎಳಿ, ನಿಂತರೆ ನೋಡು. ಈ ಅಂಗಳದಲ್ಲಿ ಕೆಲಸ ಕಲಿತವರೆಲ್ಲ ಕಲಿತದ್ದು ಹಾಗೆ. ನೀನೂ ಹಾಗೇ ಕಲಿತೆ. ಬೇರೆ ಕಡೆಯವರು ಹೊರಡುವ ಮುಂಚೆ ಒಂದು ಸುತ್ತು ಬಂದು ನೋಡುತ್ತಾರಂತೆ. ನಮಗೆ ಆ ಅಭ್ಯಾಸವೇ ಇರಲಿಲ್ಲ, ನಮ್ಮ ಪರವಾಗಿ ಗೊರಕೆ ನೋಡುತ್ತಿತ್ತು.

ಈಗ ಕೇಳು. ಹಲ್ಲಿನ ಡಾಕ್ಟರರ ದೋಣಿಗೆ ಬಣ್ಣ ಮುಗಿದಿತ್ತು, ನದಿಗೆ ಇಳಿಸಬೇಕಿತ್ತು. ಹಿಂದಿನ ದಿನ ಗಾಳಿ ಜಾಸ್ತಿ ಎಂದು ನಿನ್ನ ಅತ್ತಿಗೆ ಟ್ರೇಲರನ್ನು ಶೆಡ್ಡಿನ ಮುಂದಿನ ಕಂಬಕ್ಕೆ ದಪ್ಪ ಹಗ್ಗದಿಂದ ಕಟ್ಟಿದ್ದಳು. ಕಟ್ಟಿದ್ದು ಒಳ್ಳೆಯ ಬುದ್ಧಿ. ಬೆಳಿಗ್ಗೆ ಬಿಚ್ಚುವುದು ಗಂಡನ ಕೆಲಸ ಎಂದು ಅವಳು, ಕಟ್ಟಿದವಳೇ ಬಿಚ್ಚುತ್ತಾಳೆ ಎಂದು ಇವನು. ನಿನ್ನ ಅಣ್ಣ ಕೊಂಡಿ ಹಾಕಿ, ಮೇಲೆ ಹತ್ತಿ, ಗಾಜು ಏರಿಸಿ, ಒಳಗೆ ತಣ್ಣಗೆ ಮಾಡಿಕೊಂಡು, ರೇಡಿಯೋ ಹಾಕಿಕೊಂಡು ಹೊರಟ. ಗಾಡಿ ಕೆಮ್ಮಲಿಲ್ಲ, ನಿಲ್ಲಲಿಲ್ಲ, ಒಂದು ಸಣ್ಣ ನಿಟ್ಟುಸಿರನ್ನೂ ಬಿಡಲಿಲ್ಲ. ದೋಣಿ ಹೋಯಿತು, ಹಗ್ಗ ಹೋಯಿತು, ಹಗ್ಗದ ಹಿಂದೆ ಕಂಬ ಹೋಯಿತು, ಕಂಬದ ಜೊತೆ ಮುಂದಿನ ತಗಡಿನ ಚಾವಣಿ ಹೋಯಿತು, ಚಾವಣಿಗೆ ನೇತುಹಾಕಿದ್ದ ಬಣ್ಣದ ಡಬ್ಬಗಳು ಮದುವೆ ಮೆರವಣಿಗೆಯ ವಾದ್ಯದ ಹಾಗೆ ಸದ್ದು ಮಾಡುತ್ತಾ ಹಿಂಬಾಲಿಸಿದವು. ಬೀದಿಯಲ್ಲೆಲ್ಲ ನೀಲಿ ಬಣ್ಣ. ಅತ್ತಿಗೆ ಕೈಯಲ್ಲಿ ಕುಂಚ ಹಿಡಿದು "ರೀ, ರೀ" ಎಂದು ಕೂಗುತ್ತಾ ಓಡಿದಳು. ಇವನು ಕನ್ನಡಿಯಲ್ಲಿ ಅವಳನ್ನು ನೋಡಿ, ಕಳಿಸಿಕೊಡಲು ಬಂದಿದ್ದಾಳೆ ಎಂದುಕೊಂಡು ನಕ್ಕು ಕೈ ಬೀಸಿದನಂತೆ.

ತಿರುವಿನಲ್ಲಿ ಕ್ಷೌರದ ಅಂಗಡಿಯವನು ಅಡ್ಡ ಬಂದು ನಿಲ್ಲಿಸಿದ. ಅವನ ಹಿಂದೆ ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡ ಗಿರಾಕಿಯೂ ಬಂದು ನಿಂತಿದ್ದ. "ಏನ್ ಯಜಮಾನ್ರೇ, ಮನೆ ಬದಲಾಯಿಸ್ತಿದೀರಾ? ಮೊದಲೇ ಹೇಳಬಾರದಿತ್ತಾ?" ಎಂದನಂತೆ. ನಾನು ಹೋಗುವ ಹೊತ್ತಿಗೆ ಸಂತೆ ನೆರೆದಿತ್ತು. ನಿನ್ನ ಅತ್ತಿಗೆ ಏದುಸಿರು ಬಿಡುತ್ತಾ, "ಮದುವೆಯಾದ ಮೇಲೆ ಬೀದಿಯಲ್ಲಿ ನನ್ನ ನೋಡಿ ನಕ್ಕಿದ್ದು ಇವತ್ತೇ ಮೊದಲು, ಅದೂ ನನ್ನ ಶೆಡ್ಡು ಎಳ್ಕೊಂಡು ಹೋಗುವಾಗ" ಎನ್ನುತ್ತಿದ್ದಳು. ದೋಣಿಗೆ ಒಂದು ಗೀರು ಬಿದ್ದಿರಲಿಲ್ಲ, ಅದು ನಮ್ಮ ಅದೃಷ್ಟ. ಡಾಕ್ಟರರು ಬಂದು ದೋಣಿಯನ್ನು ಒಂದು ಸುತ್ತು ನೋಡಿದರು. ಆಮೇಲೆ ಮಣ್ಣು ಮೆತ್ತಿಕೊಂಡಿದ್ದ ಕಂಬದ ಬುಡವನ್ನು ಬಗ್ಗಿ ನೋಡಿ, "ಕೀಳೋದು ಅಂದ್ರೆ ಹೀಗಿರಬೇಕು, ಬೇರು ಸಮೇತ ಬಂದಿದೆ" ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಮನೆಗೆ ಬಂದು, ಬಾಗಿಲು ಹಾಕಿಕೊಂಡು ನಕ್ಕೆ.

ಆದರೆ ನಿನ್ನ ಅಣ್ಣನ ಧೈರ್ಯ ಅಲ್ಲಿಗೆ ಮುಗಿಯಿತು. "ಅಮ್ಮ, ಇದು ಗಾಡಿಯಲ್ಲ, ಭೂತ. ಏನೇ ಹಿಂದೆ ಕಟ್ಟಿದ್ರೂ ಇದಕ್ಕೆ ಗೊತ್ತೇ ಆಗಲ್ಲ. ನಾನು ಮುಟ್ಟಲ್ಲ" ಎಂದು ಕೀಲಿ ತಂದು ನನ್ನ ಮುಂದಿಟ್ಟ. ಅವನನ್ನು ಬೈಯಬೇಡ. ಮರಕ್ಕೆ ಉಳಿ ಹಿಡಿದರೆ ಅವನಂಥವನು ಇನ್ನೊಬ್ಬನಿಲ್ಲ, ಕೂದಲೆಳೆಯಷ್ಟು ಬಿರುಕನ್ನೂ ಬೆರಳಿನಲ್ಲೇ ಕಂಡುಹಿಡಿಯುತ್ತಾನೆ. ಸ್ಟೇರಿಂಗ್ ಹಿಡಿದರೆ ಮಾತ್ರ ಅವನಿಗೆ ಬೆವರು. ಅದು ಹುಟ್ಟುಗುಣ, ನಿಮ್ಮಪ್ಪನ ಕಡೆಯದು.

ಇದೇ ಹೊತ್ತಿಗೆ ಕಡವಿನ ಯಜಮಾನರು ಬಂದರು. ನದಿಯ ಆಚೆ ದಡಕ್ಕೆ ಜನರನ್ನು ದಾಟಿಸುವ ಅವರ ದೊಡ್ಡ ಲಾಂಚು ತಳದಲ್ಲಿ ನೀರು ಕುಡಿಯುತ್ತಿದೆ, ಮೇಲೆ ಎಳೆದು ಹಲಗೆ ಬದಲಾಯಿಸಬೇಕು. ಅಷ್ಟು ದೊಡ್ಡ ಕೆಲಸ ನಮ್ಮ ಅಂಗಳಕ್ಕೆ ಯಾವತ್ತೂ ಬಂದಿರಲಿಲ್ಲ, ಗೊರಕೆಯ ಕೈಲಿ ಆಗುತ್ತಲೂ ಇರಲಿಲ್ಲ. ಹೊಸ ಗಾಡಿಯ ಸುದ್ದಿ ಕೇಳಿಯೇ ಬಂದಿದ್ದರು, ಶೆಡ್ಡಿನ ಸುದ್ದಿಯನ್ನೂ ಕೇಳಿದ್ದರು. "ನಿಮ್ಮ ಮಗಳು ಎಳೆಯೋದಾದ್ರೆ ಲಾಂಚು ಕೊಡ್ತೀನಿ ಅಮ್ಮ. ಇಲ್ಲಾಂದ್ರೆ ಬೇರೆ ಕಡೆ ನೋಡ್ಕೋತೀನಿ" ಎಂದರು. ಅವರು ಹೋದ ಮೇಲೆ ಮನೆಯಲ್ಲಿ ಒಂದೇ ಭಜನೆ. ಅವಳನ್ನು ಕರೆಸು, ಅವಳನ್ನು ಕರೆಸು. ನಿನ್ನ ಅಣ್ಣನಂತೂ ಫೋನು ಕೈಗೆತ್ತಿಕೊಂಡು, "ಅಮ್ಮನಿಗೆ ಹುಷಾರಿಲ್ಲ ಅಂತ ಬರೀಲಾ? ಓಡಿ ಬರ್ತಾಳೆ" ಎಂದ. "ಬರಿ. ಆಮೇಲೆ ನಿನಗೆ ಹುಷಾರಿರಲ್ಲ" ಎಂದೆ. ಫೋನು ಕೆಳಗಿಟ್ಟ. ನೀನು ಓಡಿ ಬರುತ್ತೀಯ ಎಂಬುದು ನನಗೆ ಗೊತ್ತಿಲ್ಲವೆ? ಅದಕ್ಕೇ ಬರೆಯಬೇಡ ಎಂದದ್ದು.

ಕೀಲಿ ನನ್ನ ಮುಂದೆಯೇ ಇತ್ತು, ನಾನೇ ತೆಗೆದುಕೊಂಡೆ.

ಬಾಯಿ ಮುಚ್ಚಿಕೋ, ನೊಣ ಹೋದೀತು. ಬಣ್ಣ ತಲುಪಿಸುವ ಹಳೆಯ ವ್ಯಾನನ್ನು ನಾನು ಓಡಿಸುತ್ತಿದ್ದಾಗ ನೀನಿನ್ನೂ ತೊಟ್ಟಿಲಲ್ಲಿದ್ದೆ. ಟ್ರೇಲರ್ ಹಿಂದಕ್ಕೆ ಬಿಡುವುದೊಂದು ಬರುತ್ತಿರಲಿಲ್ಲ, ಅಷ್ಟೆ. ಸಿಮೆಂಟ್ ಗೋದಾಮಿನ ಹಿಂದಿನ ಬಯಲಿಗೆ ದಿನಾ ಬೆಳಿಗ್ಗೆ ಹೋದೆವು, ನಾನೂ ನಿನ್ನ ಅತ್ತಿಗೆಯೂ. ಎಡಕ್ಕೆ ತಿರುಗಿಸಿದರೆ ಬಲಕ್ಕೆ ಹೋಗುವ ವಸ್ತುವನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ. ಮೊದಲ ದಿನ ಟ್ರೇಲರು ಮುನಿಸಿಕೊಂಡ ಮಗುವಿನ ಹಾಗೆ ಮಡಚಿಕೊಂಡು ಗಾಡಿಯ ಪಕ್ಕೆಗೇ ಬಂದು ನಿಂತಿತು. ನಾನು ಇಷ್ಟು ವರ್ಷ ಹಿಂದೆ ನಿಂತು ಕೂಗಿದವಳು, ಈಗ ಕೂಗುವುದು ಅತ್ತಿಗೆಯ ಸರದಿ. "ಅತ್ತೆ, ಎಡಕ್ಕೆ! ನಿಮ್ಮ ಎಡ ಅಲ್ಲ, ಅದರ ಎಡ! ನಿಲ್ಲಿಸಿ! ನಿಲ್ಲಿಸಿ ಅಂದ್ರೆ ನಿಲ್ಲಿಸಬೇಕು ಅತ್ತೆ!" ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅವಳ ಮದುವೆಯ ದಿನವೂ ಕಂಡಿರಲಿಲ್ಲ. ಬಡ್ಡಿ ಸಮೇತ ತೀರಿಸಿಕೊಂಡಳು. ತೀರಿಸಿಕೊಳ್ಳಲಿ. ಮನೆಗೆ ಬಂದು ನನಗೆ ಮಂಡಿಗೆ ಬಿಸಿನೀರಿನ ಚೀಲ ಇಟ್ಟವಳೂ ಅವಳೇ.

ನೀನು ಹಿಂದಕ್ಕೆ ಬಿಡುವಾಗ ನಿನ್ನ ಕೈ ಸ್ಟೇರಿಂಗಿನ ಕೆಳಭಾಗದಲ್ಲಿರುತ್ತಿತ್ತು. ಅದು ಸೋಮಾರಿತನ ಎಂದುಕೊಂಡಿದ್ದೆ, ಅಲ್ಲವಂತೆ. ಕೈ ಕೆಳಗಿದ್ದರೆ, ಟ್ರೇಲರು ಯಾವ ಕಡೆ ಹೋಗಬೇಕೋ ಕೈಯನ್ನೂ ಅದೇ ಕಡೆ ಸರಿಸಿದರಾಯಿತು. ಅದು ಹೊಳೆದ ಮೇಲೆ ಎಲ್ಲ ಸುಲಭವಾಯಿತು. ಇನ್ನೊಂದು ವಿಷಯ, ಈ ಗಾಡಿಯ ಆಕ್ಸಿಲರೇಟರಿನ ಮೇಲೆ ಕಾಲು ಒತ್ತಬಾರದು, ಇಡಬೇಕು. ಗೊರಕೆಗೆ ತುಳಿದು ಅಭ್ಯಾಸವಾದ ಕಾಲು ಇದಕ್ಕೆ ನಡೆಯುವುದಿಲ್ಲ. ಶಕ್ತಿಯಿದೆ ಎಂದು ತೋರಿಸಲು ಹೋಗುವವರಿಗೆ ಇದು ಆಗಿಬರುವ ಗಾಡಿಯಲ್ಲ.

ಟ್ರೇಲರ್ ಎಳೆಯುವ ಲೈಸೆನ್ಸಿನ ಪರೀಕ್ಷೆಗೆ ಹೋದರೆ ಅಲ್ಲಿನ ಅಧಿಕಾರಿ, ನಿನ್ನ ವಯಸ್ಸಿನವನು, "ಅಜ್ಜಿ, ಜೊತೆಗೆ ಯಾರು ಬಂದಿದಾರೆ?" ಎಂದ. "ಪರೀಕ್ಷೆಗೆ ನಾನೇ ಬಂದಿರೋದು. ನಿಮಗೆ ಹೆದರಿಕೆಯಾದ್ರೆ ನಿಮ್ಮ ಜೊತೆಗೆ ಯಾರನ್ನಾದ್ರೂ ಕರ್ಕೊಳ್ಳಿ" ಎಂದೆ. ಎರಡು ಕಂಬಗಳ ನಡುವೆ ಟ್ರೇಲರನ್ನು ಹಿಂದಕ್ಕೆ ಬಿಟ್ಟು ನಿಲ್ಲಿಸಿದೆ. ಆಮೇಲೆ ಅವನು ಅಜ್ಜಿ ಎನ್ನಲಿಲ್ಲ, ಮೇಡಂ ಎಂದ.

ಕಡವಿನ ಯಜಮಾನರಿಗೆ ಹೇಳಿಕಳಿಸಿದೆ: ಲಾಂಚು ದಡಕ್ಕೆ ತರುವುದು ನಿಮ್ಮ ಕೆಲಸ, ಎಳೆಯುವವರು ಯಾರೆಂಬುದು ನನ್ನ ಕೆಲಸ. ಶುಕ್ರವಾರ ಅವರು ಲಾಂಚು ತಂದರು. ಸ್ಟೇರಿಂಗ್ ಹಿಡಿದು ಕೂತ ನನ್ನನ್ನು ನೋಡಿ ಅವರ ಮುಖ ಹುಳ್ಳಗಾಯಿತು. "ಮಗಳು ಎಲ್ಲಿ?" "ಕೆಲಸದಲ್ಲಿದಾಳೆ. ನೀವು ಹಗ್ಗ ಹಿಡೀರಿ." ಇಳಿಜಾರಿನ ಎರಡು ಕಡೆಯೂ ಜನ, ಕ್ಷೌರದವನು ಅಂಗಡಿ ಮುಚ್ಚಿ ಬಂದಿದ್ದ. ಈಗ ನಮ್ಮಲ್ಲಿ ಹೊಸ ಪದ್ಧತಿ. ಒಬ್ಬೊಬ್ಬರೂ ತಾವು ಕಂಡದ್ದನ್ನು ಕೂಗಿ ಹೇಳುವವರೆಗೆ ಗಾಡಿ ಕದಲುವುದಿಲ್ಲ. "ಕೊಂಡಿ ಬಿಗಿಯಾಗಿದೆ" ಎಂದು ನಿನ್ನ ಅಣ್ಣ, "ಹಗ್ಗ ಯಾವ್ದೂ ಇಲ್ಲ, ಶೆಡ್ಡು ಇದ್ದಲ್ಲೇ ಇದೆ" ಎಂದು ಅತ್ತಿಗೆ. ಜನ ಹೋ ಎಂದು ನಕ್ಕರು. ಒಳ್ಳೆಯದೇ ಆಯಿತು, ನಗುವ ಜನರ ಮುಂದೆ ಗಾಡಿ ಬಿಡುವುದು ಸುಲಭ. ಮೊದಲ ಸಲ ಟ್ರೇಲರು ವಾರೆಯಾಯಿತು. ಮುಂದಕ್ಕೆ ಬಂದೆ. ಎರಡನೇ ಸಲ ದಾರ ಪೋಣಿಸಿದ ಹಾಗೆ ನೇರ ನೀರಿಗಿಳಿಯಿತು.

ಲಾಂಚನ್ನು ಟ್ರೇಲರಿಗೆ ಏರಿಸಿ ಬಿಗಿದರು. ಆರು ಟನ್ ಮರ, ಅದು ಕುಡಿದ ನೀರು ಬೇರೆ. ನಾಲ್ಕು ಚಕ್ರಕ್ಕೂ ಬಲ ಕೊಡುವ ಗುಂಡಿ ಒತ್ತಿ, ಕಾಲು ಇಟ್ಟೆ. ಹಿಂದಿನ ಚಕ್ರ ಪಾಚಿಯ ಮೇಲೆ ಒಂದು ಸಲ ಜಾರಿತು. ಜನ ಉಸಿರು ಹಿಡಿದರು. ಯಜಮಾನರು "ಅಯ್ಯೋ" ಎಂದದ್ದು ಗಾಜಿನ ಒಳಗೂ ಕೇಳಿಸಿತು. ನೀನಾಗಿದ್ದರೆ ಏನು ಮಾಡುತ್ತಿದ್ದೆಯೋ ಗೊತ್ತಿಲ್ಲ, ನಾನು ಏನೂ ಮಾಡಲಿಲ್ಲ. ಕಾಲನ್ನು ಇದ್ದಲ್ಲೇ ಇಟ್ಟೆ. ಮುಂದಿನ ಚಕ್ರಗಳು ಒಣ ಕಲ್ಲು ಹಿಡಿದವು. ಅಮ್ಮಾ ಎನ್ನದೆ, ಅಪ್ಪಾ ಎನ್ನದೆ, ಗಾಡಿ ಆ ಲಾಂಚನ್ನು ನೀರಿನಿಂದ ಎತ್ತಿ ದಡಕ್ಕೆ ತಂದು ನಿಲ್ಲಿಸಿತು. ಗಾಡಿ ತಿಣುಕಲಿಲ್ಲ ಮಗಳೇ, ತಿಣುಕಿದವಳು ನಾನು. ಇಳಿಯುವಾಗ ಸೀರೆಯ ಬೆನ್ನೆಲ್ಲ ಒದ್ದೆ. ಯಜಮಾನರು ಕೈ ಮುಗಿದರು. ನಿನ್ನ ಅಣ್ಣ ಓಡಿ ಬಂದು ಎಲ್ಲರ ಮುಂದೆ ನನ್ನನ್ನು ಅಪ್ಪಿಕೊಂಡ. "ಬಿಡೋ, ಜನ ನೋಡ್ತಿದಾರೆ" ಎಂದೆ. ಬಿಡಲಿಲ್ಲ.

ಈಗ ಲಾಂಚು ನಮ್ಮ ಅಂಗಳದಲ್ಲಿ ಮಲಗಿದೆ, ಅಣ್ಣ ಅದರ ಹೊಟ್ಟೆಯ ಕೆಳಗೆ ಮಲಗಿದ್ದಾನೆ. ಮುಂದಿನ ವಾರಕ್ಕೆ ಇನ್ನೆರಡು ದೋಣಿಯವರು ಕೇಳಿ ಹೋಗಿದ್ದಾರೆ. ಅತ್ತಿಗೆ ಹೊಸ ಕಂಬ ನೆಡಿಸಿದ್ದಾಳೆ, ಅದಕ್ಕೆ ಏನನ್ನೂ ಕಟ್ಟಬಾರದೆಂದು ಕಟ್ಟಾಜ್ಞೆ. ನಿನ್ನನ್ನು ಕೇಳಿದ್ದಾಗಿ ತಿಳಿಸಲು ಇಬ್ಬರೂ ಹೇಳಿದ್ದಾರೆ. ಮೈ ಕಡೆ ನೋಡಿಕೋ. ಮೇಲೆ ಹತ್ತುವಾಗ ಒಂದು ಕೈ ಯಾವಾಗಲೂ ಕಂಬಿಯ ಮೇಲಿರಲಿ. ನಿನ್ನ ಕೈ ಹಿಡಿದ ಕೆಲಸವೆಲ್ಲ ಮೇಲೇರಲಿ, ನೂರು ವರ್ಷ ಸುಖವಾಗಿರು.

ಇಂತಿ,
ನಿನ್ನ ಅಮ್ಮ

ಮರೆತ ಮಾತು: ಅಂಚೆಯವನು ಗೇಟಿನಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಬಂದರಿನವರಿಗೆ ಹೂಂ ಎಂದುಬಿಡು. ತಿಂಗಳ ಕೊನೆಯವರೆಗೆ ಕಾಯಬೇಡ, ಈ ಪತ್ರ ಕೈಸೇರಿದ ದಿನವೇ ಹೇಳು. ಅಣ್ಣ ಕರೆದರೂ, ಅತ್ತಿಗೆ ಅತ್ತರೂ, ನಾನೇ ಯಾವತ್ತಾದರೂ ಬುದ್ಧಿ ಕೆಟ್ಟು ಬಾ ಎಂದರೂ ಗಾಡಿಗೋಸ್ಕರ ಬರಬೇಡ. ಅದರ ಸೀಟು ತುಂಬಿದೆ. ನನ್ನನ್ನು ನೋಡಬೇಕೆನಿಸಿದರೆ ಬಾ. ಅದಕ್ಕೆ ರಜೆ ಸಿಗುತ್ತದೋ ಎಂದು ಹೂಂ ಅನ್ನುವ ಮೊದಲೇ ಕೇಳಿಕೋ.